ಬಂದೂಕಿಲ್ಲದ ಮನೆ

"ಅಪ್ಪಾ, ಸಂಜೆ ನಾಲ್ಕಕ್ಕೆ ಟೆಸ್ಸಿನ ಕರ್ಕೊಂಡು ಬರ್ತೀನಿ. ಒಂದು ವಾರ ನಿನ್ನ ಜೊತೆಗೇ ಇರ್ಲಿ," ಎಂದಳು ಮಗಳು ಕೊರಿನ್ ಫೋನಿನಲ್ಲಿ. "ಆದ್ರೆ ಆ ಪಿಸ್ತೂಲು ಮನೇಲಿ ಇರಕೂಡದು. ಬೀಗ ಹಾಕಿಟ್ಟಿದೀನಿ ಅಂತ ಕತೆ ಹೇಳ್ಬೇಡ. ಒಂದೇ ಒಂದು ಬಂದೂಕು ಕಣ್ಣಿಗೆ ಬಿದ್ರೂ ಕಾರಿಂದ ಇಳಿಯಲ್ಲ."

ಎಮೆಟ್ ಶೂಪ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಊರಿನ ಮಕ್ಕಳನ್ನೆಲ್ಲ ಹೊತ್ತು ತಿರುಗಿದವನ ಮನೆಯಲ್ಲಿ ಸ್ವಂತ ಮೊಮ್ಮಗಳು ಒಂದು ದಿನವೂ ಉಳಿದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಮನೆ ಭಣಗುಡುತ್ತಿತ್ತು. ಪಿಸ್ತೂಲೋ, ಮಾವನ ಕಾಲದ್ದು. ಅದನ್ನು ಯಾರೂ ಹಾರಿಸಿದ್ದೇ ಇಲ್ಲ.

ಎಮೆಟ್ ಗುಂಡು ತೆಗೆದು, ಪಿಸ್ತೂಲನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಮೊಮ್ಮಗಳು ಇರುವ ವಾರ ಇಟ್ಟುಕೋ ಎನ್ನಲು ಪಕ್ಕದ ಮನೆಯ ಡ್ವೈಟನ ಬೇಲಿಗೆ ಹೋದ. ಡ್ವೈಟ್ ಬೇಟೆಗಾರ, ಕಾನೂನೆಲ್ಲ ಅವನಿಗೆ ಬಾಯಿಪಾಠ. ಡಬ್ಬಿ ತೆರೆದಿದ್ದೇ ತಡ, ಹಾವು ಕಂಡವನಂತೆ ಹಿಂದೆ ಸರಿದ.

"ಅಯ್ಯೋ ಮಾರಾಯ, ನನ್ನ ಕೈಗೆ ಕೊಡ್ಬೇಡ! ಪೆನ್ಸಿಲ್ವೇನಿಯಾದಲ್ಲಿ ಪಿಸ್ತೂಲು ಹಾಗೆಲ್ಲ ಕೈ ಬದಲಾಯಿಸೋ ಹಾಗಿಲ್ಲ. ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗೆ ಹೋಗ್ಬೇಕು, ಫಾರಂ ತುಂಬ್ಬೇಕು."

"ಹಾಗಾದ್ರೆ ಸೇತುವೆ ದಾಟಿ ತಂಗಿ ಮನೇಲಿ ಇಟ್ಟು ಬರ್ಲಾ?"

ಆಚೆ ಮನೆಯ ಮಾರ್ಲೀನ್ ಗಿಡಕ್ಕೆ ನೀರು ಹಾಕುತ್ತಿದ್ದವಳು ಪೈಪು ಬಿಟ್ಟು ಓಡಿಬಂದಳು. "ಆ ಕಡೆ ನ್ಯೂಜೆರ್ಸಿ, ಎಮೆಟ್! ಬೇರೆ ರಾಜ್ಯ, ಬೇರೆ ಕಾನೂನು. ಸೇತುವೆಯ ಈ ತುದೀಲಿ ನೀನು ಮರ್ಯಾದಸ್ಥ, ಆ ತುದೀಲಿ ಕೈಗೆ ಕೋಳ. ಹೊತ್ಕೊಂಡು ಓಡಾಡೋ ಲೈಸೆನ್ಸಾದ್ರೂ ಇದೆಯಾ ನಿನ್ಹತ್ರ?"

"ಇಲ್ವಲ್ಲ."

"ಹಾಗಾದ್ರೆ ಡಿಕ್ಕೀಲಿಟ್ಟು ನೆಟ್ಟಗೆ ಅಂಗಡಿಗೆ ಹೋಗು. ಲೈಸೆನ್ಸ್ ಇಲ್ದೋರು ದಾರೀಲಿ ಎಲ್ಲೂ ಇಳಿಯೋ ಹಾಗಿಲ್ಲ, ನೋಡು!"

ಎಮೆಟ್ ಇಳಿಯಲಿಲ್ಲ. ಟೆಸ್ಸಿಗೆ ಇಷ್ಟವಾದ ಡೋನಟ್ ಅಂಗಡಿ ಬಂತು, ಹೋಯಿತು. ಮೂತ್ರಕ್ಕೆ ಅವಸರವಾಯಿತು, ಹಲ್ಲು ಕಚ್ಚಿಕೊಂಡ. ಪ್ರತಿ ಸಿಗ್ನಲ್ಲಿನಲ್ಲೂ ಪೊಲೀಸರು ತನ್ನ ಡಿಕ್ಕಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಅಂಗಡಿಯವನು ಪಿಸ್ತೂಲನ್ನು ತಿರುಗಿಸಿ ನೋಡಿ, "ಬದಲಿಗೆ ಯಾವುದು ಬೇಕು?" ಎಂದ.

"ಯಾವುದೂ ಬೇಡ."

"ಮತ್ತೆ ಮನೇಲಿ ಏನಿರುತ್ತೆ?"

"ಮೊಮ್ಮಗಳಿರ್ತಾಳೆ," ಎಂದ ಎಮೆಟ್. ಫಾರಂಗೆ ಸಹಿ ಹಾಕಿ ಪಿಸ್ತೂಲನ್ನು ಅಲ್ಲೇ ಬಿಟ್ಟ.

ವಾಪಸು ಬರುವಾಗ ಯೋಚನೆ ಹತ್ತಿತು. ಅದೇ ಕಬ್ಬಿಣ ಕಪಾಟಿನಲ್ಲಿದ್ದರೆ ಹಕ್ಕು, ಬೇಲಿಯ ಮೇಲಿದ್ದರೆ ಫಾರಂ, ಸೇತುವೆಯ ಆಚೆ ಜೈಲು. ಇಷ್ಟೆಲ್ಲ ಕಾನೂನು ಬರೆದವರು ಯಾರೂ ಕೇಳದ ಪ್ರಶ್ನೆಯನ್ನು ಮಗಳು ಕೇಳಿದ್ದಳು: ಮಗು ಎಲ್ಲಿ ಮಲಗುತ್ತದೆ? ಡೋನಟ್ ಕೊಂಡ. ಮನೆಗೆ ಬಂದು, ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಜಗಲಿಯಲ್ಲಿ ಕೂತ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಡ್ವೈಟ್ ಜೋಡುನಳಿಗೆಯ ಕೋವಿ ಹಿಡಿದು ಬಂದ.

"ಚಿಕ್ಕ ಮಗು ಬರೋ ಹೊತ್ತಲ್ಲಿ ಬರಿಗೈಲಿ ಕೂತ್ರೆ ಹೇಗಪ್ಪಾ? ಏನಾದ್ರೂ ಆದ್ರೆ? ಈ ವಾರ ಇದನ್ನ ಇಟ್ಕೋ."

ಜನ್ಮದಲ್ಲಿ ಮೊದಲ ಸಲ ಎಮೆಟ್ ಕಾನೂನಿನ ಕಾಲು ಹಿಡಿದ. "ಹಾಗೆಲ್ಲ ತಗೊಳ್ಳೋ ಹಾಗಿಲ್ವಲ್ಲ ಡ್ವೈಟ್! ಅಂಗಡಿ... ಫಾರಂ..."

"ಅದು ಪಿಸ್ತೂಲಿಗೆ ಮಾರಾಯ! ಉದ್ದ ಕೋವಿಗೆ ನಮ್ಮ ರಾಜ್ಯದಲ್ಲಿ ಅದ್ಯಾವ ರಗಳೆಯೂ ಇಲ್ಲ. ನೆರೆಯವರು ಕೊಟ್ರೆ ಮುಗೀತು," ಎಂದವನೇ ಕೋವಿಯನ್ನು ಎಮೆಟ್‌ನ ಎಡಗೈಗೆ ತುರುಕಿದ.

"ತಡಿ, ನಂದೂ ಇರ್ಲಿ!" ಆಚೆ ಮನೆಯಿಂದ ಓಡಿಬಂದ ಮಾರ್ಲೀನ್ ತನ್ನ ತೀರಿಹೋದ ಗಂಡನ ರೈಫಲ್ಲನ್ನು ಎಮೆಟ್‌ನ ಬಲಗೈಗೆ ಕೊಟ್ಟಳು. "ಅವರಿದ್ದಿದ್ರೆ ಅವರೇ ತಂದ್ಕೊಡ್ತಿದ್ರು."

ಕೊರಿನ್‌ಳ ಕಾರು ತಿರುವಿನಲ್ಲಿ ಬಂತು. ನಿಧಾನವಾಯಿತು. ನಿಲ್ಲಲಿಲ್ಲ. ಹಿಂದಿನ ಕಿಟಕಿಯಲ್ಲಿ ಟೆಸ್ಸಿ ಎರಡೂ ಕೈ ಬೀಸುತ್ತ ಹೋದಳು.

ಎಮೆಟ್‌ಗೆ ಬೀಸಲು ಒಂದು ಕೈಯೂ ಖಾಲಿ ಇರಲಿಲ್ಲ.