ಅಳಿಸಿದ ಕಾದಂಬರಿಯನ್ನು ವಾಪಸ್ ಬರೆಯುವ ಕುರಿತು

ವಿಜಯನಗರ,
೩ ಮಾರ್ಚ್ ೧೯೭೬

ಹಾಸ್ಟೆಲಿನ ವಾರ್ಡನ್ ಶಂಭುಲಿಂಗಪ್ಪನವರ ಸನ್ನಿಧಿಗೆ, ಚಿತ್ರಕಲೆಯ ಮೊದಲ ವರ್ಷದ ವಿದ್ಯಾರ್ಥಿ, ರೂಮ್ ನಂಬರ್ ಹದಿನಾಲ್ಕರ ಸಿದ್ದಬಸಪ್ಪ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಅದನ್ನು ಮೆಸ್ಸಿನ ನೋಟೀಸ್ ಬೋರ್ಡಿಗೆ ಅಂಟಿಸಿದ್ದಕ್ಕೆ ಇನ್ನೊಂದು ಕ್ಷಮೆ. ತಮ್ಮ ಆಫೀಸಿನ ಬಾಗಿಲ ತನಕ ಮೂರು ಸಲ ಬಂದೆ ಸಾರ್, ಒಳಗೆ ಬರಲು ಧೈರ್ಯ ಸಾಲಲಿಲ್ಲ.

ಹಳೆಯ ಕಾದಂಬರಿಯೊಂದನ್ನು ತಂದು, ಪುಟಕ್ಕೆ ಮೂರು ನಾಲ್ಕು ಪದ ಉಳಿಸಿ, ಮಿಕ್ಕಿದ್ದಕ್ಕೆಲ್ಲ ಬಿಳಿ ಪೋಸ್ಟರ್ ಕಲರ್ ಬಳಿದು ಹೊಸ ಪುಸ್ತಕ ಮಾಡಿ ಎಂದು ನಮ್ಮ ಡ್ರಾಯಿಂಗ್ ಮೇಷ್ಟ್ರು ಪ್ರಾಜೆಕ್ಟ್ ಕೊಟ್ಟಿದ್ದರು. ಅದಕ್ಕೆಂದೇ ರಾಜಾಜಿನಗರದ ಹಳೇ ಪೇಪರ್ ಅಂಗಡಿಯಿಂದ ಒಂದನ್ನು ಆರಿಸಿ ತಂದಿದ್ದೆ. ಓದಲೆಂದು ಲೈಬ್ರರಿಯಿಂದ ತಂದ ಇನ್ನೊಂದೂ ಮೇಜಿನ ಮೇಲಿತ್ತು. ಆದರೆ ಹಾಸ್ಟೆಲಿನಲ್ಲಿ ಪ್ರತಿ ಪುಸ್ತಕಕ್ಕೂ ನ್ಯೂಸ್‌ಪೇಪರಿನ ಬೈಂಡ್ ಹಾಕಲೇಬೇಕು, ಮೇಲೆ ಏನೂ ಬರೆಯಕೂಡದು ಎಂಬುದು ತಮ್ಮ ಶಿಸ್ತು. ಹೀಗೆ ಒಂದೇ ಯೂನಿಫಾರಂ ತೊಟ್ಟ ಎರಡು ಪುಸ್ತಕಗಳಲ್ಲಿ ನಾನು ಬಣ್ಣ ಬಳಿದದ್ದು ನಮ್ಮ ಲೈಬ್ರರಿಯ ಹೆಮ್ಮೆಯಾದ ನಾನೂರು ಪುಟದ ಮಹಾ ಕಾದಂಬರಿಗೆ. ಎರಡನ್ನೂ ಓದಿರದಿದ್ದರಿಂದ ತೆರೆದು ನೋಡಿದರೂ ವ್ಯತ್ಯಾಸ ತಿಳಿಯಲಿಲ್ಲ. ತೊಂಬತ್ತಮೂರನೇ ಪುಟದಲ್ಲಿ ಈಗ ‘ಅತ್ತೆ, ಛತ್ರಿ, ಅಯ್ಯೋ’ ಇಷ್ಟೇ ಇದೆ. ರೂಮ್‌ಮೇಟ್ ಉಗ್ರಪ್ಪ ಇಡೀ ಪುಸ್ತಕವನ್ನು ಕಾಫಿ ಆರುವುದರೊಳಗೆ ಮುಗಿಸಿ, “ಈಗ ನೋಡು ಮಗಾ, ಓದೋ ಹಂಗಾಯ್ತು” ಎಂದ.

ಅಳಿಸಿದ ಅಷ್ಟೂ ಮಾತನ್ನು ಅದೇ ಜಾಗಕ್ಕೆ ಕೈಬರಹದಲ್ಲಿ ತುಂಬಿದರೆ ಮಾತ್ರ ಹಾಲ್ ಟಿಕೆಟ್ ಎಂದು ತಾವು ಅಪ್ಪಣೆ ಕೊಟ್ಟಿರಿ. ಎಂಥ ನ್ಯಾಯ ಸಾರ್. ಬೇರೆ ವಾರ್ಡನ್ ಆಗಿದ್ದರೆ ಇನ್ನೊಂದು ಪ್ರತಿ ತಂದಿಡು ಎಂದು ಸುಲಭದಲ್ಲಿ ಕೈಬಿಡುತ್ತಿದ್ದರು. ಈ ಸಲ ಪರೀಕ್ಷೆಗೆ ಕೂರದಿದ್ದರೆ ಚಿತ್ರಕಲೆ ಬಿಡಿಸಿ ಟೈಪಿಂಗಿಗೆ ಸೇರಿಸುವುದಾಗಿ ಮನೆಯಿಂದ ಕಾಗದ ಬಂದಿರುವುದರಿಂದ, ಲೈಬ್ರರಿ ಕಾರ್ಡಿನಲ್ಲಿ ನನಗಿಂತ ಮೊದಲು ಸಹಿ ಹಾಕಿದ್ದ ಹತ್ತೊಂಬತ್ತು ಜನರನ್ನೂ ಹುಡುಕಿ ಕೇಳಿದೆ. ಸೋಮಲಿಂಗಪ್ಪ “ಕೊನೇಲಿ ಮದುವೆ ಆಗತ್ತೆ ಕಣೋ” ಎಂದ. ಬೈರಯ್ಯ “ಇಲ್ಲ ಗುರು, ಹುಡುಗಿ ಸತ್ತೋಗ್ತಾಳೆ” ಎಂದ. ಉಳಿದವರು ತಲೆದಿಂಬಿಗೆಂದು ಒಯ್ದಿದ್ದರಂತೆ.

ಇನ್ನು ನನಗೆ ದಿಕ್ಕು ತಾವೊಬ್ಬರೇ. ಇದೇ ಪ್ರತಿಯನ್ನು ನಾಲ್ಕು ಸಲ ಓದಿ ನಾಲ್ಕು ಸಲವೂ ಅತ್ತಿದ್ದಾಗಿ ಪ್ರತಿ ಭಾನುವಾರ ಪ್ರಾರ್ಥನೆಯ ನಂತರ ತಾವು ಹೇಳುತ್ತೀರಿ. ದಯಮಾಡಿ ನನ್ನ ಮಂಚದ ಮೇಲೆ ಕೂತು ಮೊದಲ ಪುಟದಿಂದ ಡಿಕ್ಟೇಶನ್ ಕೊಡಿ. ತಾವು ಅಳುವಷ್ಟು ಹೊತ್ತು ಪೆನ್ನು ಕೆಳಗಿಡುತ್ತೇನೆ.

ತಮ್ಮ ವಿಶ್ವಾಸಿ,
ಸಿದ್ದಬಸಪ್ಪ

ವಿ.ಸೂ.: ಇನ್ನೂರ ಹದಿನೇಳನೇ ಪುಟದಿಂದ ಕೊನೆಯವರೆಗೆ ಹಾಳೆಗಳ ಅಂಚು ಪ್ರೆಸ್ಸಿನಿಂದ ಬಂದಂತೆಯೇ, ಕತ್ತರಿಸದೆ, ಕೂಡಿಕೊಂಡಿತ್ತು; ಬಣ್ಣ ಬಳಿಯಲು ನಾನೇ ಬ್ಲೇಡಿನಿಂದ ಬಿಡಿಸಿದೆ. ಆ ಭಾಗವನ್ನು ತಾವು ನಾಲ್ಕು ಸಲ ಹೇಗೆ ಓದಿದಿರಿ ಎಂಬುದನ್ನು ಬೇರೆ ಯಾರಿಗೂ ಗೊತ್ತಾಗದಂತೆ ನನಗಷ್ಟೇ ತಿಳಿಸಿದರೂ ಸಾಕು. ಹಾಲ್ ಟಿಕೆಟ್ ಸೋಮವಾರ ಕೊಡುತ್ತಾರೆ. ಬೇಗ ಉತ್ತರ ಕೊಡಿ.