ಪರದೆಯ ಮೇಲೆ ಸುಟ್ಟುಹೋದ ದೀಪದ ಬಗ್ಗೆ ಸುತ್ತೋಲೆ

ತಾಂತ್ರಿಕ ತರಬೇತಿ ವಿಭಾಗ
ಸಂಖ್ಯೆ: ತತವಿ/ಸರ್ಕ್ಯೂಟ್/ಇಲ್ಲದ ಹೊಗೆ/೦೭

ವಿಷಯ: ಸಿಮ್ಯುಲೇಶನ್ ತಂತ್ರಾಂಶದಲ್ಲಿ ಸರ್ಕ್ಯೂಟ್ ನಕ್ಷೆ ಬರೆದು ವೈರು ಜೋಡಿಸುವಾಗ ಪಾಲಿಸತಕ್ಕ ಶಿಸ್ತಿನ ಕುರಿತು.

ಉಲ್ಲೇಖ: (೧) ಹೊಸ ಪ್ರಯೋಗಾಲಯದ ಉದ್ಘಾಟನೆಯಲ್ಲಿ ನಡೆದ ಗದ್ದಲ. (೨) ಬೋಧಕಿಯವರಿಗೆ ನೀಡಿದ ಕಾರಣ ಕೇಳುವ ನೋಟಿಸು. (೩) ಅದಕ್ಕೆ ಬಂದ ಒಂದೇ ಸಾಲಿನ ಉತ್ತರ.

ಮೇಲ್ಕಂಡ ವಿಷಯವು ಕ್ಯಾಂಟೀನಿನಲ್ಲಿ ದಿನಕ್ಕೊಂದು ರೆಕ್ಕೆಪುಕ್ಕ ಪಡೆಯುತ್ತಿರುವುದು ಗಮನಕ್ಕೆ ಬಂದಿರುವುದರಿಂದ, ನಡೆದದ್ದನ್ನು ನಡೆದಂತೆಯೇ ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

೧. ಪ್ರಯೋಗಾಲಯದ ಬೋಧಕಿಯವರು (ಸಿಬ್ಬಂದಿಯ ಬಾಯಲ್ಲಿ 'ವೈರಕ್ಕ') ಉದ್ಘಾಟನೆಗೆಂದು ಪರದೆಯ ಮೇಲೆ ಸರಳವಾದ ಒಂದು ಸರ್ಕ್ಯೂಟ್ ಬರೆದಿಟ್ಟಿದ್ದರು. ಬ್ಯಾಟರಿ, ಸ್ವಿಚ್ಚು, ರೆಸಿಸ್ಟರ್, ಪುಟ್ಟ ಎಲ್‌ಇಡಿ ದೀಪ, ಕೆಳಗೆ ಗ್ರೌಂಡ್ (ಭೂಸಂಪರ್ಕ) ಗುರುತು. ನಿರ್ದೇಶಕರು ಸ್ವಿಚ್ಚಿನ ಮೇಲೆ ಮೌಸ್ ಒತ್ತುವುದು, ದೀಪ ಹೊತ್ತುವುದು, ಚಪ್ಪಾಳೆ ಬೀಳುವುದು: ಇಷ್ಟೇ ಕಾರ್ಯಕ್ರಮ.

೨. ಮೌಸ್ ಹಿಡಿದ ನಿರ್ದೇಶಕರು, "ಮಧ್ಯದಲ್ಲಿ ಈ ಅಂಕುಡೊಂಕು ಗೆರೆ ಏನಮ್ಮಾ?" ಎಂದು ವಿಚಾರಿಸಿದರು. "ರೆಸಿಸ್ಟರ್ ಸರ್, ಕರೆಂಟಿಗೆ ತಡೆ" ಎಂದು ಉತ್ತರಿಸಲಾಯಿತು. "ನಮ್ಮ ವಿಭಾಗದಲ್ಲಿ ಯಾವ ಕೆಲಸಕ್ಕೂ ತಡೆ ಇರಬಾರದು" ಎಂದ ನಿರ್ದೇಶಕರು ಸದರಿ ಗೆರೆಯನ್ನು ಅಳಿಸಿ ನೇರ ವೈರು ಎಳೆದರು. "ಬೇಡ ಸರ್, ದೀಪ ಸುಟ್ಟುಹೋಗುತ್ತೆ" ಎಂದು ಬೋಧಕಿಯವರು ಹೇಳಿದ್ದು ಹಿಂದಿನ ಸಾಲಿನವರೆಗೂ ಕೇಳಿಸಿದೆ. ಪಕ್ಕದಲ್ಲೇ ಇದ್ದ ನಿರ್ದೇಶಕರಿಗೆ ಕೇಳಿಸಿಲ್ಲವೆಂದು ದಾಖಲಿಸಲಾಗಿದೆ.

೩. ಸ್ವಿಚ್ಚು ಒತ್ತಿದ ಕೂಡಲೇ ದೀಪವು ಠಪ್ಪೆಂದಿತು. ಪರದೆಯ ಮೇಲೆ ಬೆರಳುಗಾತ್ರದ ಹೊಗೆಯ ಚಿತ್ರ ಮೂಡಿತು. ಈ ಸುತ್ತೋಲೆಗೆ ಸಹಿ ಹಾಕಿರುವ ಕಚೇರಿ ಅಧೀಕ್ಷಕರು "ಬೆಂಕಿ! ಬೆಂಕಿ!" ಎಂದು ಕೂಗಿ, ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರ್ ಕಿತ್ತು, ಅದರ ಪುಡಿಯನ್ನು ಕಂಪ್ಯೂಟರಿಗೂ ನಿರ್ದೇಶಕರಿಗೂ ತಾರತಮ್ಯವಿಲ್ಲದೆ ವಿತರಿಸಿದರು. ಕಂಪ್ಯೂಟರ್ ಅಲ್ಲೇ ಕಣ್ಣು ಮುಚ್ಚಿತು. ನಿರ್ದೇಶಕರಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು.

೪. ಯಾರ ಮೇಲಾದರೂ ತಪ್ಪು ಹೊರಿಸಲೇಬೇಕಾದ್ದರಿಂದ ಬೋಧಕಿಯವರನ್ನು ಉಗ್ರಾಣಕ್ಕೆ ವರ್ಗಾಯಿಸಿ, ತರಗತಿಗೆ ಬೀಗ ಹಾಕಲಾಯಿತು. ಪರೀಕ್ಷೆ ತಲೆಯ ಮೇಲಿದ್ದ ತರಬೇತಿ ವಿದ್ಯಾರ್ಥಿಗಳು ಕೈ ಕೈ ಹಿಸುಕಿಕೊಂಡರು. ಬೋಧಕಿಯವರು ಕೊನೆಯ ಬಾರಿಗೆ ಹಲಗೆ ಒರೆಸುವಾಗ ಕಣ್ಣು ಒರೆಸಿಕೊಂಡದ್ದನ್ನು ಕಂಡವರಿದ್ದಾರೆ. ಕೇಳಿದವರಿಗೆ "ಸೀಮೆಸುಣ್ಣದ ಧೂಳು" ಎಂದಿರುತ್ತಾರೆ. ನೋಟಿಸಿಗೆ ಅವರು ಕೊಟ್ಟ ಉತ್ತರ: "ಪರದೆಯ ಬೆಂಕಿಗೆ ಪರದೆಯ ನೀರೇ ಸಾಕಿತ್ತು." ಉತ್ತರದಲ್ಲಿ ವಿನಯ ಸಾಲದಾದರೂ ತಾಂತ್ರಿಕ ದೋಷವೇನೂ ಕಂಡುಬಂದಿಲ್ಲ.

೫. ಇಂಥದ್ದು ಮರುಕಳಿಸದಂತೆ ಈ ನಿಯಮಗಳನ್ನು ಜಾರಿಗೊಳಿಸಲಾಗಿದೆ:

(ಅ) ಮೂಗಿನಿಂದ ದೃಢಪಡಿಸಿಕೊಳ್ಳದೆ ಯಾವುದೇ ಹೊಗೆಯನ್ನು ಹೊಗೆಯೆಂದು ಘೋಷಿಸತಕ್ಕದ್ದಲ್ಲ.

(ಆ) ಒಂದು ವೈರು ಇನ್ನೊಂದನ್ನು ಹಾದುಹೋದ ಮಾತ್ರಕ್ಕೆ ಸಂಬಂಧ ಬೆಳೆಯಿತೆಂದು ಭಾವಿಸತಕ್ಕದ್ದಲ್ಲ. ಕೂಡಿದ ಕಡೆ ಚುಕ್ಕೆ ಇರತಕ್ಕದ್ದು. ಚುಕ್ಕೆಯಿಲ್ಲದ ಸಂಬಂಧಗಳಿಗೆ ವಿಭಾಗವು ಹೊಣೆಯಲ್ಲ.

(ಇ) ಬ್ಯಾಟರಿಯ ಪ್ಲಸ್ಸು ತಾನು ಹಿರಿಯನೆಂದು ಮೈನಸ್ಸಿನ ಜಾಗದಲ್ಲಿ ಕೂರುವಂತಿಲ್ಲ. ತಕರಾರಿದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು.

(ಈ) ಸುಟ್ಟ ದೀಪವನ್ನು 'ಹಿಂದಕ್ಕೆ' (ಅನ್‌ಡೂ) ಗುಂಡಿ ಒತ್ತಿ ಬದುಕಿಸಿಕೊಂಡವರು, ಅದರ ಮರಣ ಮತ್ತು ಮರುಜನ್ಮ ಎರಡಕ್ಕೂ ಪ್ರತ್ಯೇಕ ರಜೆ ಕೋರತಕ್ಕದ್ದಲ್ಲ.

೬. ಈ ನಿಯಮಗಳ ಕರಡು ಸಿದ್ಧವಾಗುತ್ತಿದ್ದಾಗಲೇ, ಊಟದ ಹೊತ್ತಿನಲ್ಲಿ ನಿರ್ದೇಶಕರು ಒಬ್ಬರೇ ಉಗ್ರಾಣದ ಬಾಗಿಲಲ್ಲಿ ಕಾಣಿಸಿಕೊಂಡರು. "ಅದು ಯಾಕೆ ಸುಟ್ಟೋಯ್ತು ಅಂತ ತಲೇಲಿ ಹುಳ ಕೊರೀತಿದೆ ಕಣಮ್ಮ. ಒಂದ್ಸಲ ಹೇಳ್ಕೊಡ್ತೀರಾ?" ವೈರಕ್ಕ ಎದುರಿದ್ದ ಪೊರಕೆಗಳ ರಾಶಿಯನ್ನು ಬದಿಗೆ ಸರಿಸಿದರು. ಬಳಿಕ ಎದ್ದು ಹೋಗಿ ಪ್ರಯೋಗಾಲಯದ ಬೀಗ ತೆಗೆಸಿ, ಅವರನ್ನು ಬೇರೊಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಮೌಸನ್ನು ಮಾತ್ರ ಮುಟ್ಟಲಿಲ್ಲ. "ನೀವೇ ಎಳೀರಿ ಸರ್."

ಮೊದಲ ವೈರು ದೀಪದ ಕಾಲಿಗಿಂತ ಕೂದಲೆಳೆಯಷ್ಟು ಮೊದಲೇ ನಿಂತುಬಿಟ್ಟಿತು. ಅದನ್ನು ಸರಿಪಡಿಸಿದರೆ ದೀಪವೇ ಹಿಂದುಮುಂದಾಗಿತ್ತು. ಆಮೇಲೆ ಗ್ರೌಂಡ್ ಮರೆತು ತಂತ್ರಾಂಶದಿಂದ ಬೈಸಿಕೊಂಡರು. ವೈರಕ್ಕನಿಗೆ ನಗು ಬಂತು, ಅದುಮಿಟ್ಟುಕೊಳ್ಳಲಿಲ್ಲ. ನಿರ್ದೇಶಕರೂ ನಕ್ಕರು. ಕೊನೆಗೆ, ಆವತ್ತು ಅಳಿಸಿದ್ದ ಅಂಕುಡೊಂಕು ತಡೆಯನ್ನೂ ತಾವೇ ಕೂರಿಸಿದ ಮೇಲೆ ದೀಪ ಹೊತ್ತಿತು, ಕೆಂಪಗೆ, ಸಾಸಿವೆಕಾಳಿನಷ್ಟು. ಆರಿಸಿದರು, ಹೊತ್ತಿಸಿದರು, ಮತ್ತೆ ಆರಿಸಿದರು. "ಇದು ನಾನೇ ಮಾಡಿದ್ದು, ಅಲ್ವಾ?" "ನೀವೇ ಸರ್."

ಮೌಸಿನಿಂದ ಕೈ ತೆಗೆದು, "ಆವತ್ತು ನೀವು ಬೇಡ ಅಂದಿದ್ದು ನನಗೆ ಕೇಳಿಸಿತ್ತಮ್ಮ" ಎಂದರು ನಿರ್ದೇಶಕರು. ವೈರಕ್ಕ, "ಗೊತ್ತು ಸರ್" ಎಂದರು. ಕಂಡಿಕೆ ೨ನ್ನು ಇದರಂತೆ ತಿದ್ದಿ ಓದಿಕೊಳ್ಳತಕ್ಕದ್ದು.

೭. ಆದ್ದರಿಂದ ವರ್ಗಾವಣೆ ಆದೇಶವನ್ನು ರದ್ದುಗೊಳಿಸಿ, ಇಂದಿನಿಂದಲೇ ತರಗತಿ ತೆರೆಯಲು ಆದೇಶಿಸಲಾಗಿದೆ. ಮುಂದಿನ ಪಾಠ ಮೋಟಾರು ತಿರುಗಿಸುವುದಾಗಿದ್ದು, ನಿರ್ದೇಶಕರೂ ಹಾಜರಿರುತ್ತಾರೆ. ಆ ವೇಳೆಯಲ್ಲಿ ಕಡತ ಹಿಡಿದು ಯಾರೂ ಬಾಗಿಲು ತಟ್ಟತಕ್ಕದ್ದಲ್ಲ. ನಿರ್ದೇಶಕರು ಹಿಂದಿನ ಬೆಂಚಿನಲ್ಲಿ ಕೂರತಕ್ಕದ್ದು. ಅವರು ಒಳಗೆ ಬಂದಾಗ ಬೋಧಕಿಯವರು ಕುರ್ಚಿಯಿಂದ ಏಳತಕ್ಕದ್ದಲ್ಲ.

(ಸಹಿ)
ಕಚೇರಿ ಅಧೀಕ್ಷಕರು
ನಿರ್ದೇಶಕರ ಪರವಾಗಿ, ಅವರು ತರಗತಿಯಲ್ಲಿರುವುದರಿಂದ

ಪ್ರತಿಗಳು:
೧. ತರಬೇತಿ ವಿದ್ಯಾರ್ಥಿಗಳಿಗೆ: ಪರೀಕ್ಷೆ ಮುಂದಕ್ಕೆ ಹೋಗಿಲ್ಲವೆಂಬ ವಿಷಾದದೊಂದಿಗೆ.
೨. ಬೋಧಕಿಯವರಿಗೆ: ಕೂತೇ ಓದಿಕೊಳ್ಳಲು.
೩. ಉಗ್ರಾಣಪಾಲಕರಿಗೆ: ಒಬ್ಬ ಬೋಧಕಿಯನ್ನು ಸುಸ್ಥಿತಿಯಲ್ಲಿ ಹಿಂತಿರುಗಿಸಿದ ಬಗ್ಗೆ ಸಹಿ ಮಾಡಲು.