ಮಾಗಡಿ ರಸ್ತೆಯಲ್ಲಿ ಚೆಲ್ಲಿದ ಕೋಬಾಲ್

ಕಂಪ್ಯೂಟರಿಗೆ ಉಣಿಸುವ ತೂತಿನ ಕಾರ್ಡಿನ ಮೇಲ್ಗಡೆಯ ಎಡಮೂಲೆಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಕಟ್ಟಿನಲ್ಲಿ ಒಂದು ಕಾರ್ಡು ತಲೆಕೆಳಗಾದರೂ ಆ ಮೂಲೆ ಎದ್ದು ಕಾಣಲಿ ಎಂದು. ಇಷ್ಟು ಮುಂದಾಲೋಚನೆ ಮಾಡಿದವರು, ಇಡೀ ಕಟ್ಟೇ ಮಾಗಡಿ ರಸ್ತೆಯಲ್ಲಿ ಚೆಲ್ಲಿದರೆ ಏನು ಮಾಡಬೇಕೆಂದು ಮಾತ್ರ ಎಲ್ಲೂ ಹೇಳಿಲ್ಲ.

ಗಣಿತದ ಎಂ.ಎಸ್ಸಿ. ಮುಗಿಸಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಸಾಲಿಗೆ ಒಂದು ಕಾರ್ಡಿನಂತೆ ತೂತು ಹೊಡೆದು, ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಯಂತ್ರಕ್ಕೆ ಉಣಿಸಿದರೆ ಅದು ಪ್ರೋಗ್ರಾಂ. ಉಗ್ರಾಣದಲ್ಲಿ ಯಾವ ಬೋಲ್ಟು ಎಷ್ಟು ಉಳಿದಿದೆ ಎಂದು ತಿಂಗಳಿಗೊಮ್ಮೆ ಪಟ್ಟಿ ತೆಗೆಯುವ ಪ್ರೋಗ್ರಾಮನ್ನು ನಮ್ಮ ಮೇಲ್ವಿಚಾರಕ ರುದ್ರಪ್ಪನವರು ಕೋಬಾಲ್ ಭಾಷೆಯಲ್ಲಿ ಬರೆದಿದ್ದರು.

ಕೋಬಾಲ್ ಎಂದರೆ ವಿಶ್ವವಿದ್ಯಾಲಯದಲ್ಲಿ ನಮಗೆಲ್ಲ ನಗು. ಎರಡನ್ನು ಕೂಡಿಸು ಎನ್ನಲು ಅದಕ್ಕೊಂದು ಇಡೀ ಇಂಗ್ಲಿಷ್ ವಾಕ್ಯ ಬೇಕು, ಕೊನೆಗೆ ಪೂರ್ಣವಿರಾಮ ಬೇಕು. ಗುಮಾಸ್ತರ ಭಾಷೆ ಎಂದು ನಮ್ಮ ಮೇಷ್ಟರೇ ಹೇಳುತ್ತಿದ್ದರು. ನಾನು ಕಲಿತದ್ದು ಫೋರ್ಟ್ರಾನ್, ವಿಜ್ಞಾನಿಗಳ ಭಾಷೆ. ಸೂತ್ರದಂತೆ ಚಿಕ್ಕದು, ಚೊಕ್ಕದು.

"ಸಾರ್, ಕೋಬಾಲ್ ಬದುಕಿದ್ರೆ ಇನ್ನೆರಡು ವರ್ಷ" ಎಂದು ಒಂದು ದಿನ ರುದ್ರಪ್ಪನವರಿಗೆ ಮೆಲುದನಿಯಲ್ಲಿ ತಿಳಿಸಿದೆ. ನಾನು ಮಾತಾಡುವುದೇ ಕಡಿಮೆ. ಅಪರೂಪಕ್ಕೆ ಬಾಯಿ ಬಿಟ್ಟರೆ ಹೀಗೆ.

ರುದ್ರಪ್ಪನವರು ಕನ್ನಡಕ ಒರೆಸಿಕೊಂಡರು. "ಹೌದೇನಮ್ಮ? ಹಂಗಾದ್ರೆ ನಿಮ್ಮ ಭಾಷೇಲೂ ಅದನ್ನೇ ಬರೀರಿ. ಎರಡನ್ನೂ ಓಡಿಸಿ ನೋಡೋಣ. ಮ್ಯಾನೇಜರ್ ಸಾಹೇಬ್ರನ್ನೂ ಕರೀತೀನಿ."

ಬರೆದೆ. ಅವರ ಕಟ್ಟು ಇಟ್ಟಿಗೆಯಷ್ಟು ದಪ್ಪ, ನನ್ನದು ಬ್ರೆಡ್ಡಿನ ಚೂರಿನಷ್ಟು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ನಾನು ಒಳಗೊಳಗೇ ಸುಖಪಟ್ಟೆ. ಕಾರ್ಖಾನೆಗೆ ಸ್ವಂತ ಕಂಪ್ಯೂಟರ್ ಇರಲಿಲ್ಲ. ಪೇಟೆಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಮರುದಿನ ಬೆಳಿಗ್ಗೆ ನಮಗೆ ಸಮಯ ನಿಗದಿಯಾಗಿತ್ತು. ಎರಡು ಕಟ್ಟನ್ನೂ ಮನೆಗೆ ಒಯ್ದು ಅಲ್ಲಿಂದ ನೇರವಾಗಿ ತರುವ ಹೊಣೆ ನನ್ನದು.

"ನನ್ನದು ಒಂದೇ ಪ್ರತಿ ಇರೋದು, ಜೋಪಾನ. ನಾಳೆ ಪಟ್ಟಿ ಬರ್ಲಿಲ್ಲ ಅಂದ್ರೆ ಉಗ್ರಾಣದೋರು ನನ್ನ ಜೊತೆ ನಿಮ್ಮನ್ನೂ ನುಂಗ್ತಾರೆ" ಎಂದರು ರುದ್ರಪ್ಪನವರು. "ಕಟ್ಟಿನ ಪಕ್ಕಕ್ಕೆ ಓರೆಯಾಗಿ ಒಂದು ಪೆನ್ಸಿಲ್ ಗೆರೆ ಎಳ್ಕೊಳ್ಳಿ. ಬಿದ್ರೆ ಜೋಡಿಸೋಕೆ ಗುರುತು."

"ಬಿದ್ರೆ ತಾನೇ ಸಾರ್" ಎಂದೆ.

ಕಾರ್ಡುಗಳಿಗೆ ಕ್ರಮಸಂಖ್ಯೆ ಒತ್ತುವ ಪದ್ಧತಿಯೂ ಉಂಟು. ವರ್ಷಗಳ ತಿದ್ದುಪಡಿಯಲ್ಲಿ ಅವರ ಕಟ್ಟಿನ ಸಂಖ್ಯೆಗಳು ಅಸ್ತವ್ಯಸ್ತವಾಗಿದ್ದವು. ನನ್ನದರಲ್ಲಿ, ಅಂದ ಕೆಡುತ್ತದೆಂದು, ನಾನೇ ಒತ್ತಿರಲಿಲ್ಲ.

ಮೂಡಲಪಾಳ್ಯದ ಬಸ್ಸು ತುಂಬಿ ತುಳುಕುತ್ತಿತ್ತು. ಗೋವಿಂದರಾಜನಗರದ ಸ್ಟಾಪಿನಲ್ಲಿ ನಾನು ಇಳಿದೆ. ಬ್ಯಾಗಿನ ಒಂದು ಹಿಡಿಯೂ ನನ್ನೊಂದಿಗೆ ಇಳಿಯಿತು. ಉಳಿದ ಬ್ಯಾಗು ಯಾರದೋ ಮೊಣಕೈಗೆ ಸಿಕ್ಕಿ, ಮಗುಚಿ, ತನ್ನಲ್ಲಿದ್ದುದನ್ನೆಲ್ಲ ಮಾಗಡಿ ರಸ್ತೆಗೆ ಅರ್ಪಿಸಿತು.

"ಹೋಲ್ಡಾನ್, ಹೋಲ್ಡಾನ್!" ಎಂದು ಕೂಗಿ ಕಂಡಕ್ಟರ್ ಕೆಳಗಿಳಿದ. ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. "ಇದೆಲ್ಲಾ ಆಗಲೇ ಪಂಚ್ ಆಗಿರೋದಲ್ವೇನಮ್ಮ? ಇನ್ಯಾಕೆ ಬೇಕು, ಬಿಟ್ಟಾಕಿ."

ಬಿಟ್ಟುಹಾಕಲಿಲ್ಲ. ಒಂದು ಎತ್ತಿನ ಗಾಡಿಯನ್ನು ತಡೆದು, ಸೌತೆಕಾಯಿ ಮಾರುವವಳ ಬುಟ್ಟಿಯಡಿ ಕೈಹಾಕಿ, ಒಂದೊಂದನ್ನೂ ಆರಿಸಿಕೊಂಡೆ. ಎಲ್ಲವೂ ಸಿಕ್ಕವು. ಕ್ರಮವೊಂದನ್ನು ಬಿಟ್ಟು.

ಮನೆಯಲ್ಲಿ ಚಾಪೆಯ ಮೇಲೆ ರಾಶಿ ಸುರಿದು ಕೂತೆ. ಸೊಟ್ಟಗಾದ ಕಾರ್ಡುಗಳಿಗೆ ಅಮ್ಮ ಇಸ್ತ್ರಿ ಹಾಕಿದಳು. ಹಾಕುತ್ತಲೇ ಎರಡು ಗುಂಪನ್ನೂ ಬೇರೆ ಮಾಡಿಬಿಟ್ಟಳು.

"ಹೆಂಗೆ ಗೊತ್ತಾಯ್ತಮ್ಮ?"

"ಇವು ವಾಚಾಳಿ, ಮೈತುಂಬಾ ಅಕ್ಷರ. ಅವು ನಿನ್ನ ಥರ ಮೂಗಿ."

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಂಪ್ಯೂಟರನ್ನು ಕಂಡವರಲ್ಲ. ವಾಚಾಳಿಗಳ ಗುಂಪಿನಿಂದ ಒಂದನ್ನೆತ್ತಿ ಕಾರ್ಡಿನ ಅಂಚಿನಲ್ಲಿ ಅಚ್ಚಾಗಿದ್ದುದನ್ನು ಓದಿದರು. ಇನ್ನೊಂದನ್ನು ಓದಿದರು. ಅವರ ಮುಖ ಅರಳಿತು. ನನ್ನತ್ತ ತಿರುಗಿದರು.

"ಲೇ ವಿಮಲಾ, ಇದು ಸರ್ಕಾರಿ ಆರ್ಡರ್ ಕಣೇ! ಮೊದಲು ಡಿವಿಜನ್, ಅದರೊಳಗೆ ಸೆಕ್ಷನ್, ಸೆಕ್ಷನ್ನೊಳಗೆ ಪ್ಯಾರಾ. ಇಲ್ನೋಡು, ಬಂದ ಮಾಲನ್ನ ಇರೋ ದಾಸ್ತಾನಿಗೆ ಸೇರಿಸು ಅಂತ ಬರೆದಿದೆ. ಬಂದ ಮಾಲನ್ನ ಎಣಿಸಿದ ಮೇಲೆ ತಾನೇ ಇದು ಬರಬೇಕು? ಕೊಡು ಇಲ್ಲಿ."

ಅವರು ಅಂಗಿಯ ತೋಳು ಮಡಿಸಿಕೊಂಡರು. ಗುಮಾಸ್ತರ ಭಾಷೆಗೆ ಕೊನೆಗೂ ಒಬ್ಬ ಶಿರಸ್ತೇದಾರರು ಸಿಕ್ಕಿದ್ದರು. ಅವರು ಜೋಡಿಸಿದರು, ನಾನು ಹಿಂದಿನಿಂದ ಪರೀಕ್ಷಿಸಿದೆ. 'ಸ್ಟಾಪ್ ರನ್' ಎಂಬ ಒಂದೇ ಕಾರ್ಡಿನ ಬಗ್ಗೆ ಜಗಳವಾಯಿತು. ಅದನ್ನವರು ಕಟ್ಟಿನ ತುದಿಗೆ ಇಟ್ಟಿದ್ದರು.

"ಅದು ಮಧ್ಯ ಬರುತ್ತೆ ಅಪ್ಪ."

"ನಿಲ್ಲು ಅಂದ ಮೇಲೂ ಮುಂದಕ್ಕೆ ಬರೀತಾ ಹೋಗೋ ಅಧಿಕಾರಿ ಯಾವನೇ?"

"ಮೊದಲ ಪ್ಯಾರಾನೇ ಯಜಮಾನ. ಕೆಳಗಿನೋರನ್ನೆಲ್ಲ ಕರೆದು ಕೆಲಸ ಮಾಡಿಸಿ, ಆಮೇಲೆ ನಿಲ್ಲು ಅನ್ನುತ್ತೆ."

"ಓ, ಅಮಲ್ದಾರರು" ಎಂದು ಅಪ್ಪ ಒಪ್ಪಿ ಕಾರ್ಡನ್ನು ಮೇಲಕ್ಕೆ ಸರಿಸಿದರು.

ಊಟದ ಹೊತ್ತಿಗೆ ಇಟ್ಟಿಗೆ ಮತ್ತೆ ಇಟ್ಟಿಗೆಯಾಗಿತ್ತು. ಉಳಿದದ್ದು ನನ್ನ ಚಿಕ್ಕ, ಚೊಕ್ಕ ರಾಶಿ. ಅಪ್ಪ ಅದರಿಂದಲೂ ಒಂದು ಕಾರ್ಡು ಹಿರಿದರು.

"ಕೆ ಸಮ ಕೆ ಕೂಡು ಜೆ. ಕೆ ಅಂದ್ರೆ ಯಾರು?"

"ಬೋಲ್ಟು."

"ಜೆ?"

ನಾನು ಯೋಚಿಸಿದೆ. "ಅಲ್ಲ, ಜೆ ಬೋಲ್ಟು. ಕೆ... ಅದು ತೂತಿನ ಅಳತೆ ಇರಬೇಕು."

"ತೂತಿಗೆ ಬೋಲ್ಟು ಕೂಡಿಸಿದೀಯಾ?"

"ಬೆಳಿಗ್ಗೆ ಗೊತ್ತಿತ್ತಪ್ಪ."

"ಬರೆದವಳೇ ನೀನಲ್ವೇನೇ?" ಎಂದಳು ಅಮ್ಮ, ಅನ್ನ ಬಡಿಸುತ್ತ.

ಯಾವ ಕಾರ್ಡು ಮೊದಲು, ಯಾವುದು ಆಮೇಲೆ ಎಂದು ನನ್ನ ಕಾರ್ಡುಗಳು ಹೇಳಲಿಲ್ಲ. ಅವು ನಿಜಕ್ಕೂ ನನ್ನಂಥವೇ. ಮನಸ್ಸಿನಲ್ಲಿರುವುದನ್ನು ಯಾರಿಗೂ ಬಿಟ್ಟುಕೊಡವು. ನನಗೂ.

ಮರುದಿನ ಬೆಳಿಗ್ಗೆ ಕೇಂದ್ರದಲ್ಲಿ ಕೋಬಾಲ್ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದೆ. ಯಂತ್ರ ಅದನ್ನು ಗಟಗಟನೆ ನುಂಗಿತು. ಮ್ಯಾನೇಜರರು ಕತ್ತು ಚಾಚಿದರು. ಮುದ್ರಕ ಕಟಕಟ ಎಂದು ಬೋಲ್ಟುಗಳ ಪಟ್ಟಿಯನ್ನು ಒಂದೂ ತಪ್ಪಿಲ್ಲದೆ ಒದರತೊಡಗಿತು.

"ನಿಮ್ಮದೆಲ್ಲಮ್ಮ?" ಎಂದು ರುದ್ರಪ್ಪನವರು ಕೇಳಿದರು.

"ಅದನ್ನ ಇನ್ನೂ ಸ್ವಲ್ಪ ಚಿಕ್ಕದು ಮಾಡ್ತಾ ಇದೀನಿ ಸಾರ್."

ಅವರು ನನ್ನ ಮುಖವನ್ನು, ಬ್ಯಾಗಿಗೆ ಹಾಕಿದ್ದ ಹಗ್ಗದ ಹಿಡಿಯನ್ನು, ಮತ್ತೆ ಮುಖವನ್ನು ನೋಡಿ, ಪಟ್ಟಿಯನ್ನು ಮಡಿಸಿ ಮ್ಯಾನೇಜರರಿಗೆ ಕೊಟ್ಟರು. ಮ್ಯಾನೇಜರರು ಹೊರಟ ಮೇಲೆ, ಕೋಬಾಲ್ ಕಲಿಯುವ ಪುಸ್ತಕ ಒಂದಿದ್ದರೆ ಕೊಡುತ್ತೀರಾ ಎಂದು ಕೇಳಿದೆ. ಕಚೇರಿಗೆ ಬಂದು ಅವರು ಕೊಟ್ಟ ಪುಸ್ತಕಕ್ಕೆ ಅಚ್ಚುಕಟ್ಟಾಗಿ ಕಂದು ಕಾಗದದ ಹೊದಿಕೆ ಹಾಕಿದೆ. ಅದರ ಮೇಲೆ, ನೋಡಿದವರಿಗೆ ಸ್ಪಷ್ಟವಾಗಿ ಕಾಣುವಂತೆ, 'ಫೋರ್ಟ್ರಾನ್' ಎಂದು ಬರೆದು ಓದಲು ಕೂತೆ.